ಕಾರಿನ ಬ್ಯಾಟರಿ, ತಾತನ ಮಂಚ

ಕಾಂದಿವಲಿಯಲ್ಲಿದ್ದಾಗ, ಹೆಚ್ಚುಕಡಿಮೆ ಒಂದು ವರ್ಷ ಕಾಲ, ನಮ್ಮ ಮನೆಯ ಟೀವಿ ಮನೆಯೊಳಗೆ ಇರಲಿಲ್ಲ. ಕೆಳಗೆ ಕಾರಿನಲ್ಲಿತ್ತು. ಇದನ್ನು ಹೇಳಿದಾಗಲೆಲ್ಲ ಕೇಳಿದವರು ನಗುತ್ತಾರೆ, ನಾವು ಭಾರಿ ಅನುಕೂಲಸ್ಥರಾಗಿದ್ದೆವೇನೋ ಎಂದುಕೊಳ್ಳುತ್ತಾರೆ. ಅಂಥದ್ದೇನೂ ಇರಲಿಲ್ಲ. ಲಿಫ್ಟಿಲ್ಲದ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಒಂದು ಹಾಲು, ಒಂದು ಅಡುಗೆಮನೆ, ಜಾಲರಿ ಹಾಕಿದ ಒಂದು ಬಾಲ್ಕನಿ, ಇಷ್ಟೇ ನಮ್ಮ ಮನೆ. ಅದರಲ್ಲಿ ಅಪ್ಪ, ಅಮ್ಮ, ನಾನು, ನನಗಿಂತ ಚಿಕ್ಕವನಾದ ಮಧು, ಮತ್ತು ಅಪ್ಪನ ತಂದೆ ನಮ್ಮ ತಾತ ಇದ್ದೆವು. ಹಾಲಿನಲ್ಲಿ ತಾತನ ಮಂಚ, ಅದರ ಎದುರಿಗೆ ಕಬ್ಬಿಣದ ಮೇಜಿನ ಮೇಲೆ ಟೀವಿ. ರಾತ್ರಿ ಮಂಚಕ್ಕೂ ಮೇಜಿಗೂ ನಡುವಿನ ಜಾಗದಲ್ಲಿ ನಾನೂ ಮಧುವೂ ಚಾಪೆ ಹಾಸಿಕೊಳ್ಳುತ್ತಿದ್ದೆವು. ಅಪ್ಪ ಅಮ್ಮ ಅಡುಗೆಮನೆಯ ನೆಲ ಒರೆಸಿ ಅಲ್ಲಿ ಮಲಗುತ್ತಿದ್ದರು. ಕಾರು ಅಪ್ಪನ ಫ್ಯಾಕ್ಟರಿಯ ಮ್ಯಾನೇಜರೊಬ್ಬರು ಊರು ಬಿಟ್ಟುಹೋಗುವಾಗ ಅಪ್ಪನಿಗೆ ಅಗ್ಗಕ್ಕೆ ದಾಟಿಸಿಹೋದದ್ದು. ಬೂದು ಬಣ್ಣ, ಸ್ಟೀರಿಂಗಿನ ಪಕ್ಕಕ್ಕೆ ಗೇರು, ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ಔಷಧಿ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ಅಪ್ಪನಿಗೆ ಅದನ್ನು ಓಡಿಸುವುದಕ್ಕಿಂತ ಬಿಚ್ಚಿ ಜೋಡಿಸುವುದರಲ್ಲಿಯೇ ಹೆಚ್ಚು ಖುಷಿ. ಕೆಲಸಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದರು. ಕಾರು ನೀರಿನ ಟ್ಯಾಂಕಿನ ಪಕ್ಕ ಕಾಂಪೌಂಡಿಗೆ ಒತ್ತಿಕೊಂಡು ನಿಂತಿರುತ್ತಿತ್ತು.

ತಾತ ಹಾಸನದ ಕಡೆ ಮಿಡ್ಲ್ ಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದವರು. ಅಜ್ಜಿ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ರೈಲಿನಲ್ಲಿ ಬಂದು ನಮ್ಮ ಮನೆ ಸೇರಿದರು. ಅವರು ಗದರುವುದನ್ನು ನಾನು ಒಮ್ಮೆಯೂ ಕೇಳಿಲ್ಲ. ಆದರೂ ಅಪ್ಪ ಅವರ ಎದುರಿಗೆ ಕೂತಿದ್ದನ್ನೂ ನೋಡಿಲ್ಲ. ಫ್ಯಾಕ್ಟರಿಯಿಂದ ಬಂದವರು ಮಂಚದ ಕಾಲಿನ ಹತ್ತಿರ ನಿಂತು, 'ಊಟ ಆಯ್ತಾ?' ಎಂದು ಕೇಳುತ್ತಿದ್ದರು. ತಾತ, 'ಹೂಂ, ನಿಂದು?' ಎನ್ನುತ್ತಿದ್ದರು. ಅಲ್ಲಿಗೆ ತಂದೆ ಮಗನ ಮಾತು ಮುಗಿಯುತ್ತಿತ್ತು. ಅಪ್ಪ ತಾತನ ಶಾಲೆಯಲ್ಲೇ ಓದಿದವರು. ಮನೆಯಲ್ಲೂ ಅವರನ್ನು ಮೇಷ್ಟ್ರೇ ಎಂದು ಕರೆದು ಅಭ್ಯಾಸವಾಗಿ, ಅದು ಬಿಟ್ಟುಹೋದ ಮೇಲೆ ಬೇರೆ ಏನೆಂದು ಕರೆಯಬೇಕೆಂದು ಹೊಳೆಯದೆ ಏನೂ ಕರೆಯದೆ ಉಳಿದುಬಿಟ್ಟಿದ್ದರಂತೆ. ಇದನ್ನು ನನಗೆ ಹೇಳಿದವಳು ಅಮ್ಮ. ಅಮ್ಮನಿಗೂ ತಾತನಿಗೂ ಮಾತ್ರ ದಿನವಿಡೀ ಮಾತಿರುತ್ತಿತ್ತು. ಸ್ಟೇಷನ್ ಹತ್ತಿರದ ಅಂಗಡಿಗೆ ಒಂದು ದಿನ ತಡವಾಗಿ ಬರುವ ಕನ್ನಡ ಪತ್ರಿಕೆಯನ್ನು ತಾತ ನಡೆದುಹೋಗಿ ತರುತ್ತಿದ್ದರು. ತಾವು ಓದಿ ಮುಗಿಸಿದ ಹಾಳೆಯನ್ನು ಮಡಚಿ ಅಡುಗೆಮನೆಯ ಹೊಸ್ತಿಲ ಮೇಲೆ ಇಡುತ್ತಿದ್ದರು. ಅಮ್ಮ ಕುಕ್ಕರ್ ಕೂಗುವ ತನಕ ನಿಂತೇ ಅದನ್ನು ಓದುತ್ತಿದ್ದಳು. ಆಮೇಲೆ ಇಬ್ಬರೂ ಅದರ ಬಗ್ಗೆ ಮಾತಾಡುತ್ತಿದ್ದರು, ಅವರು ಹಾಲಿನಿಂದ, ಇವಳು ಒಲೆಯ ಮುಂದಿನಿಂದ.

ವಿಡಿಯೋ ಗೇಮ್ ತಂದುಕೊಟ್ಟವನು ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ನಮ್ಮ ಮಾಮ, ಅಮ್ಮನ ತಮ್ಮ. ಬಿಳಿ ಡಬ್ಬಿ, ಅದರ ನೆತ್ತಿಯ ಮೇಲೆ ಕ್ಯಾಸೆಟ್ ತುರುಕುವ ಸೀಳು, ಬಾಲದಂಥ ಎರಡು ವೈರುಗಳ ತುದಿಯಲ್ಲಿ ಬಟನ್ನುಗಳು. ಒಂದು ಕ್ಯಾಸೆಟ್ಟಿನಲ್ಲಿ ಕಾರಿನ ರೇಸು, ಇನ್ನೊಂದರಲ್ಲಿ ಇಟ್ಟಿಗೆ ಗೋಡೆಗಳ ಸಂದಿಯಲ್ಲಿ ಅಡ್ಡಾಡುತ್ತ ಒಂದಕ್ಕೊಂದು ಗುಂಡು ಹೊಡೆಯುವ ಟ್ಯಾಂಕುಗಳು. ನಮ್ಮದು ಕಪ್ಪು-ಬಿಳುಪು ಟೀವಿಯಾದ್ದರಿಂದ ನಮ್ಮ ಟ್ಯಾಂಕು ಯಾವುದು ವೈರಿಯ ಟ್ಯಾಂಕು ಯಾವುದು ಎಂದು ಬಣ್ಣದಿಂದ ತಿಳಿಯುತ್ತಿರಲಿಲ್ಲ, ಓಡಾಟದಿಂದ ತಿಳಿಯಬೇಕಿತ್ತು. ಆ ಬೇಸಿಗೆಯೆಲ್ಲ ಬಿಲ್ಡಿಂಗಿನ ಮಕ್ಕಳು ನಮ್ಮ ಹಾಲಿನಲ್ಲಿ ತುಂಬಿರುತ್ತಿದ್ದರು. ತಾತ ಮಂಚದ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದರು. ಒಂದು ದಿನ ಮಧುವನ್ನು ಕೇಳಿದರು.

'ಇದರಲ್ಲಿ ಗೆದ್ದರೆ ಏನು ಕೊಡ್ತಾರೋ?'

'ಇನ್ನೊಂದು ಲೈಫ್ ಕೊಡ್ತಾರೆ ತಾತ.'

'ಪರವಾಗಿಲ್ಲವೇ,' ಎಂದು ತಾತ ನಕ್ಕರು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ಬೆಳಿಗ್ಗೆ ತಾತ ಬಚ್ಚಲಮನೆಯಲ್ಲಿ ಬಿದ್ದರು. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮರಳಿ ಬಂದಾಗ ಬಲಗಡೆ ಪೂರಾ ಸ್ವಾಧೀನ ತಪ್ಪಿತ್ತು, ಮಾತು ಹೋಗಿತ್ತು. ಗಂಟಲಿನಿಂದ ಒಂದು ಸ್ವರ ಮಾತ್ರ ಹೊರಡುತ್ತಿತ್ತು, ಅದು ಬೇಕು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಒಂದೇ. ಟೀವಿ ಹಾಕಿದರೆ, ಅದರ ಬೆಳಕು ಗೋಡೆಯ ಮೇಲೆ ಕುಣಿದರೆ, ಎಡಗೈಯಿಂದ ಮಂಚದ ಕಂಬಿಯನ್ನು ಬಡಿಯತೊಡಗುತ್ತಿದ್ದರು. ಗೇಮಿನ ಸದ್ದಂತೂ ಅವರನ್ನು ಅಳಿಸುತ್ತಿತ್ತು. ಡಾಕ್ಟರು, ಮನೆ ಆದಷ್ಟು ಶಾಂತವಾಗಿರಲಿ ಎಂದರು. ಟೀವಿಯ ಮೇಲೆ ಬಟ್ಟೆ ಬಿತ್ತು. ಬಿಲ್ಡಿಂಗಿನ ಮಕ್ಕಳು ಬರುವುದು ನಿಂತಿತು. ನಾವು ಪಿಸುದನಿಯಲ್ಲಿ ಜಗಳವಾಡುವುದನ್ನು ಕಲಿತೆವು, ತಟ್ಟೆಯನ್ನು ಸದ್ದಾಗದಂತೆ ನೆಲಕ್ಕಿಡುವುದನ್ನು ಕಲಿತೆವು. ಮನೆಯಲ್ಲಿ ಡೆಟಾಲಿನ ವಾಸನೆ, ಒದ್ದೆ ಬಟ್ಟೆಯ ವಾಸನೆ, ಅಮ್ಮ ಕಾಯಿಸುವ ರಾಗಿ ಅಂಬಲಿಯ ವಾಸನೆ. ಬಾಲ್ಕನಿಯ ಹಗ್ಗದ ಮೇಲೆ ತಾತನ ಪಂಚೆಯ ತುಂಡುಗಳು ಯಾವಾಗಲೂ ಒಣಗುತ್ತಿದ್ದವು. ಅಂಬಲಿಯನ್ನು ಅಮ್ಮ ಸೋಸಿ, ಆರಿಸಿ, ಚಮಚದಲ್ಲಿ ಬಾಯಿಯ ಎಡಗಡೆಯಿಂದ ಹಾಕಬೇಕಿತ್ತು. ಒಂದು ಲೋಟ ಮುಗಿಯುವಷ್ಟರಲ್ಲಿ ನಮ್ಮ ಸ್ಕೂಲಿನ ಹೊತ್ತಾಗುತ್ತಿತ್ತು. ಮಗ್ಗುಲು ಹೊರಳಿಸುವುದು, ಒರೆಸುವುದು, ಬಟ್ಟೆ ಬದಲಾಯಿಸುವುದು, ಬೆನ್ನಿಗೆ ಪೌಡರ್ ಹಾಕುವುದು, ಎಲ್ಲವೂ ಅಮ್ಮನದೇ. ಹೀಗೇ ಆಗಬೇಕೆಂದು ಯಾರೂ ತೀರ್ಮಾನಿಸಿದ್ದಲ್ಲ. ಮೊದಲ ದಿನ ಅವಳು ಮಾಡಿದಳು, ಹಾಗಾಗಿ ಎರಡನೆಯ ದಿನವೂ ಅವಳೇ ಮಾಡಿದಳು.

ಅಪ್ಪ ಫ್ಯಾಕ್ಟರಿಯಿಂದ ಬಂದು ಮಂಚದ ಕಾಲಿನ ಹತ್ತಿರ ಮೊದಲಿನಂತೆಯೇ ನಿಲ್ಲುತ್ತಿದ್ದರು. ಕೇಳುವ ಮಾತು ಇಲ್ಲವಾಗಿತ್ತು. ಅಮ್ಮ ಬಕೆಟ್ಟು ಹಿಡಿದು ಬಂದಳೆಂದರೆ ಅವರು ತಲೆ ತಗ್ಗಿಸಿ ಬಾಲ್ಕನಿಗೆ ಹೋಗಿ ಹೊರಗೆ ನೋಡುತ್ತಿದ್ದರು. ಅಲ್ಲಿಂದ ಕಾಣುತ್ತಿದ್ದುದು ಕಾರು. ಕ್ರಮೇಣ ಸಂಜೆಗಳನ್ನು ಅವರು ಕೆಳಗೇ ಕಳೆಯತೊಡಗಿದರು, ಬಾನೆಟ್ಟು ಎತ್ತಿಕೊಂಡು. ಒಂದು ಭಾನುವಾರ ಮೇಲೆ ಬಂದು ಟೀವಿಯ ಮೇಲಿನ ಬಟ್ಟೆ ತೆಗೆದು, ಅದನ್ನು ಗೋಡೆಯ ಕಡೆಯಿಂದ ತಿರುಗಿಸಿ, ಹಿಂದುಗಡೆಯ ಒಂದು ಸಣ್ಣ ತೂತನ್ನು ನನಗೆ ತೋರಿಸಿದರು.

'ನೋಡು. ಕರೆಂಟಿಲ್ಲದ ಊರಲ್ಲಿ ಬ್ಯಾಟರಿಗೆ ಹಾಕ್ಕೊಂಡು ನೋಡಲಿ ಅಂತ ಇದನ್ನ ಕೊಟ್ಟಿರ್ತಾರೆ. ಹನ್ನೆರಡು ವೋಲ್ಟು. ನಮ್ಮ ಕಾರಿನದೂ ಹನ್ನೆರಡೇ.'

ಆ ದಿನ ಅಪ್ಪನ ಮುಖದಲ್ಲಿದ್ದ ಬೆಳಕನ್ನು ಬಹಳ ತಿಂಗಳ ಮೇಲೆ ನೋಡಿದ್ದು. ಟೀವಿಯನ್ನು ಎದೆಗೆ ಒತ್ತಿಹಿಡಿದು ಮೆಟ್ಟಿಲಿಳಿದರು. ಮಧು ಗೇಮಿನ ಡಬ್ಬಿಯನ್ನು, ನಾನು ವೈರುಗಳನ್ನು ಹಿಡಿದು ಹಿಂದೆ ಹೋದೆವು. ಕಾರಿನ ಮುಂದಿನ ಸೀಟಿನ ಮೇಲೆ ಟೀವಿಯನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿ, ಹಗ್ಗ ಕಟ್ಟಿ, ಬ್ಯಾಟರಿಯಿಂದ ಎರಡು ವೈರುಗಳನ್ನು ಡ್ಯಾಶ್‌ಬೋರ್ಡಿನ ಅಡಿಯಿಂದ ಎಳೆದುಕೊಂಡು ಬಂದರು. ಟೀವಿ ಹತ್ತಿತು. ತೊಂದರೆ ಬಂದದ್ದು ಗೇಮಿನಿಂದ. ಅದಕ್ಕೆ ಬೇಕಾದದ್ದು ಒಂಬತ್ತು ವೋಲ್ಟು. ನೋಡೇಬಿಡೋಣ ಎಂದು ಅಪ್ಪ ನೇರವಾಗಿ ಬ್ಯಾಟರಿಗೆ ಜೋಡಿಸಿದರು. ಚಿತ್ರ ಅಲೆಅಲೆಯಾಗಿ ಬಂತು, ಸ್ವಲ್ಪ ಹೊತ್ತಿಗೆ ಡಬ್ಬಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮಧು ಅಳುವುದಕ್ಕೆ ಶುರುಮಾಡುವ ಮೊದಲೇ ವೈರು ಕಿತ್ತರು. ಮುಂದಿನ ವಾರ ರೇಡಿಯೋ, ಟೀವಿ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಮೂರು ಕಾಲಿನ ಒಂದು ಪುಟ್ಟ ರೆಗ್ಯುಲೇಟರ್ ತಂದರು. ಹನ್ನೆರಡು ವೋಲ್ಟನ್ನು ಅದು ಒಂಬತ್ತಕ್ಕೆ ಇಳಿಸುತ್ತದೆ, ಆದರೆ ಇಳಿಸಿದ್ದನ್ನೆಲ್ಲ ಬಿಸಿಯಾಗಿ ಹೊರಗೆ ಬಿಡುತ್ತದೆ. ಆ ಬಿಸಿ ಹರಡಲೆಂದು ಅದನ್ನು ಅಲ್ಯುಮಿನಿಯಮ್ಮಿನ ತುಂಡೊಂದಕ್ಕೆ ಬಿಗಿದರು. ಅದು ಅಮ್ಮನ ಹಳೆಯ ತಟ್ಟೆಯೊಂದನ್ನು ಕತ್ತರಿಸಿದ್ದು. ಆಟ ನಡೆಯುವಾಗ ಅದನ್ನು ಮುಟ್ಟಿದರೆ ಬೆರಳು ಸುಡುತ್ತಿತ್ತು. ಆದರೆ ಚಿತ್ರ ಅಲುಗದೆ ನಿಂತಿತು, ಟ್ಯಾಂಕುಗಳು ಹೊರಟವು. ಮಧು ಸೀಟಿನ ಮೇಲೆ ಎದ್ದು ನಿಂತು ತಲೆ ಹೊಡೆಸಿಕೊಂಡ.

ಹೀಗೆ ನಮಗೊಂದು ಕೋಣೆ ಸಿಕ್ಕಿತು. ಸಂಜೆ ಸ್ಕೂಲಿನಿಂದ ಬಂದು, ಹಾಲು ಕುಡಿದು, ಹೋಂವರ್ಕ್ ಮುಗಿಸಿ, ಕೆಳಗಿಳಿದುಬಿಡುತ್ತಿದ್ದೆವು. ಅಪ್ಪ ಬಸ್ಸಿಳಿದು ಬರುವಾಗ ಪೇಪರಿನಲ್ಲಿ ಸುತ್ತಿದ ವಡಾಪಾವ್ ತರುತ್ತಿದ್ದರು. ಮೇಲೆ ಹೋಗಿ ಬ್ಯಾಗು ಇಟ್ಟು, ಮಂಚದ ಹತ್ತಿರ ಒಂದು ಗಳಿಗೆ ನಿಂತು ಬಂದರೆ ಆಮೇಲೆ ಊಟದ ತನಕ ನಮ್ಮ ಜೊತೆಯೇ. ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಧಗೆ. ಆದರೂ ಅಲ್ಲಿ ಜೋರಾಗಿ ಮಾತಾಡಬಹುದಿತ್ತು. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ ಅಪ್ಪ ಇಲ್ಲಿ ಮಧುವಿನ ಜೊತೆ ಸಮಸಮಕ್ಕೆ ವಾದಿಸುತ್ತಿದ್ದರು.

'ಅಪ್ಪ, ಬಸ್. ಅಬ್ ಮೇರಾ ಚಾನ್ಸ್.'

'ಕನ್ನಡದಲ್ಲಿ ಕೇಳು, ಕೊಡ್ತೀನಿ.'

'ಈಗ ನಂದು ಚಾನ್ಸ್.'

'ಚಾನ್ಸ್‌ಗೆ ಏನಂತಾರೆ ಕನ್ನಡದಲ್ಲಿ?'

ಅದು ಅಪ್ಪನಿಗೂ ತಕ್ಷಣ ಹೊಳೆಯುತ್ತಿರಲಿಲ್ಲ. ಮೂವರೂ ನಗುತ್ತಿದ್ದೆವು. ಅಪ್ಪನನ್ನು ನಾನು ನಿಜವಾಗಿ ಪರಿಚಯ ಮಾಡಿಕೊಂಡದ್ದು ಆ ಹಿಂದಿನ ಸೀಟಿನಲ್ಲಿ. ಅವರಿಗೆ ಹಾಡಿನ ಗೀಳಿತ್ತು, ಚಿಕ್ಕಂದಿನಲ್ಲಿ ಕೆರೆಯಲ್ಲಿ ಮುಳುಗುವುದರಲ್ಲಿದ್ದರು, ಇಂಜಿನಿಯರಿಂಗ್ ಓದುವ ಆಸೆಯಿತ್ತು, ಇವೆಲ್ಲ ತಿಳಿದದ್ದು ಅಲ್ಲೇ. ತಾತನ ಮಾತು ಮಾತ್ರ ಆ ಕಾರಿನೊಳಗೆ ಬರುತ್ತಿರಲಿಲ್ಲ. ಅಮ್ಮನ ಮಾತೂ ಅಷ್ಟೇ.

ಒಂದು ಸಂಜೆ ನೀರು ಕುಡಿಯಲೆಂದು ನಾನು ಮೇಲೆ ಹೋದೆ. ಬಾಗಿಲು ಚಿಲಕ ಹಾಕಿರಲಿಲ್ಲ. ಅಮ್ಮ ಮಂಚದ ಪಕ್ಕ ಬಗ್ಗಿ ತಾತನ ಬಟ್ಟೆ ಬದಲಾಯಿಸುತ್ತಿದ್ದಳು. ತಾತ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯಲ್ಲ. ರೆಪ್ಪೆ ಬಿಗಿಯಾಗಿತ್ತು, ಹುಬ್ಬು ಗಂಟಾಗಿತ್ತು, ಸ್ವಾಧೀನವಿದ್ದ ಎಡಗೈ ಮುಖದ ಮೇಲಿತ್ತು. ಅಮ್ಮನೂ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕೈ ಅಂದಾಜಿನಿಂದಲೇ ಕೆಲಸ ಮಾಡುತ್ತಿದ್ದಳು. ನಾನು ನಿಂತಿರುವುದು ಗೊತ್ತಾಗಿ,

'ನೀರು ಬೇಕಾದರೆ ಕುಡಿದು ಕೆಳಗೆ ಹೋಗು ಪುಟ್ಟಿ,' ಎಂದಳು. 'ಬಾಗಿಲು ಎಳ್ಕೊಂಡು ಹೋಗು.'

ನಾನು ನೀರು ಕುಡಿಯದೆ ಬಾಗಿಲೆಳೆದುಕೊಂಡು ಹೋದೆ. ಅಡುಗೆಮನೆಯ ಕಟ್ಟೆಯ ಮೇಲೆ ಅಮ್ಮನ ಮಧ್ಯಾಹ್ನದ ತಟ್ಟೆ ಕಂಡಿತ್ತು. ಕಲಸಿದ ಅನ್ನ ಹಾಗೇ ಒಣಗಿತ್ತು. ಕಾರಿನಲ್ಲಿ ಅಪ್ಪನೂ ಮಧುವೂ ಟ್ಯಾಂಕು ಓಡಿಸುತ್ತಿದ್ದರು. ಅಪ್ಪನಿಗೆ ಏನೋ ಹೇಳಬೇಕೆನಿಸಿತು. ಮಧುವಿನ ಪಕ್ಕ ಹೋಗಿ ಕೂತೆ.

ಅದಾಗಿ ಕೆಲವು ವಾರಗಳಿಗೆ ಒಂದು ಸೋಮವಾರ ಬೆಳಿಗ್ಗೆ ಅಂಬಲಿ ಕುಡಿಸುತ್ತಿದ್ದ ಅಮ್ಮ ಅಪ್ಪನನ್ನು ಕೂಗಿದಳು. ತಾತನ ಎದೆ ಗೊರಗೊರ ಎನ್ನುತ್ತಿತ್ತು, ತುಟಿ ನೀಲಿಗಟ್ಟಿತ್ತು. ಕೆಳಮನೆಯ ಕದಮ್ ಕಾಕಾ, ವಾಚ್‌ಮನ್, ಇನ್ನಿಬ್ಬರು ಸೇರಿ ತಾತನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ಅಮ್ಮನ ತೊಡೆಯ ಮೇಲಿಟ್ಟರು. ಕಾಲ ಕೆಳಗೆ ಗೇಮಿನ ವೈರುಗಳು ಸಿಕ್ಕಿಕೊಂಡಿದ್ದವು. ಅಪ್ಪ ಟೀವಿಯನ್ನು ಒಂದು ಪಕ್ಕಕ್ಕೆ ದೂಡಿ ಕೂತು ಬೀಗದ ಕೈ ತಿರುಗಿಸಿದರು. ಟಕ್ ಎಂದಿತು. ಮತ್ತೆ ತಿರುಗಿಸಿದರು, ಮತ್ತೆ ಟಕ್. ಹಿಂದಿನ ದಿನ ಭಾನುವಾರ, ಮಧ್ಯಾಹ್ನದಿಂದ ಕತ್ತಲಾಗುವ ತನಕ ನಾವು ಆಡಿದ್ದೆವು. ಬ್ಯಾಟರಿಯಲ್ಲಿ ಏನೂ ಉಳಿದಿರಲಿಲ್ಲ. ಎಂದಿನಂತೆ ಆಟ ಮುಗಿದ ಮೇಲೆ ಬ್ಯಾಟರಿ ಚಾರ್ಜಾಗಲೆಂದು ಅಪ್ಪ ಇಂಜಿನ್ ಚಾಲೂ ಮಾಡಿಡಬೇಕಿತ್ತು, ಆ ದಿನ ಊಟಕ್ಕೆ ಕರೆದರೆಂದು ಹಾಗೇ ಹೋಗಿದ್ದರು.

ಎಲ್ಲರೂ ಸೇರಿ ತಳ್ಳಿದರು. ನೀರು ಹಿಡಿಯಲು ಬಂದವರು ಕೊಡ ಇಟ್ಟು ಬಂದರು, ಸ್ಕೂಲ್ ಬ್ಯಾಗು ಹೆಗಲಿಗೇರಿಸಿಕೊಂಡಿದ್ದ ಹುಡುಗರೂ ಕೈ ಕೊಟ್ಟರು. ಕಾರು ಗೇಟಿನ ತನಕ ಉರುಳಿತು, ಒಂದು ಸಲ ಜಗ್ಗಿ ಕೆಮ್ಮಿತು, ನಿಂತಿತು. ಅಪ್ಪ ಇಳಿದು ಬಾನೆಟ್ಟು ಎತ್ತಲು ಹೋದರು. ಕದಮ್ ಕಾಕಾ ಅವರ ಹೆಗಲು ಹಿಡಿದು ಕಾರಿನಿಂದ ಆಚೆಗೆ ಎಳೆದು,

'ಭಾವು, ಸೋಡಾ ಗಾಡಿ. ಮೀ ರಿಕ್ಷಾ ಆಣತೋ,' ಎಂದವರೇ ಚಪ್ಪಲಿಯನ್ನೂ ಮೆಟ್ಟದೆ ರಿಕ್ಷಾ ಹಿಡಿಯಲು ರಸ್ತೆಗೆ ಓಡಿದರು.

ರಿಕ್ಷಾದ ಸೀಟಿನಲ್ಲಿ ತಾತನನ್ನು ನಡುವೆ ಕೂರಿಸಿ ಅಪ್ಪ ಅಮ್ಮ ಎರಡು ಕಡೆಯಿಂದ ಒತ್ತಿ ಹಿಡಿದುಕೊಂಡರು. ತಾತನ ತಲೆ ಅಮ್ಮನ ಭುಜದ ಮೇಲೆ ವಾಲಿತ್ತು. ರಿಕ್ಷಾ ತಿರುವಿನಲ್ಲಿ ಮರೆಯಾಯಿತು. ಕಾರು ಗೇಟಿಗೆ ಅಡ್ಡವಾಗಿ, ನಾಲ್ಕೂ ಬಾಗಿಲು ತೆರೆದುಕೊಂಡು, ಒಳಗಿನ ಟೀವಿ, ಗೇಮು, ಕತ್ತರಿಸಿದ ತಟ್ಟೆ, ಎಲ್ಲವನ್ನೂ ತೋರಿಸುತ್ತ ನಿಂತಿತ್ತು. ಸ್ಕೂಟರ್ ಹೊರಗೆ ತೆಗೆಯಲಾರದೆ ಜನ ಸೇರಿದರು. ವಾಚ್‌ಮನ್ ಒಳಗೆ ಇಣುಕಿ ನೋಡಿ, 'ಯೇ ಟೀವಿ ಗಾಡೀ ಮೇ ಕಾಯ್ಕೋ?' ಎಂದು ನನ್ನನ್ನು ಕೇಳಿದ. ಹಂಗಿಸಲು ಕೇಳಿದ್ದಲ್ಲ, ಟೀವಿ ಕಾರಿನಲ್ಲೇಕಿದೆ ಎಂದು ಅವನಿಗೆ ನಿಜವಾಗಿ ಅರ್ಥವಾಗಿರಲಿಲ್ಲ. ನಾನು ಮಧುವಿನ ಕೈ ಹಿಡಿದು ಕದಮ್ ಕಾಕಿಯ ಮನೆಯೊಳಗೆ ಹೋದೆ.

ತಾತ ಉಳಿದರು. ಎದೆಯಲ್ಲಿ ಕಫ ಕಟ್ಟಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅಪ್ಪ ಯಾರಿಗೂ ಹೇಳಲಿಲ್ಲ, ಅಮ್ಮನೇ ಕದಮ್ ಕಾಕಿಗೆ ಹೇಳಿದ್ದು ನನಗೆ ಕೇಳಿಸಿತು. ತಾತ ಮನೆಗೆ ಬಂದ ಮರುದಿನ ಸಂಜೆ ಅಪ್ಪ ಇಕ್ಕಳ ಹಿಡಿದು ಕೆಳಗಿಳಿದರು. ನಾವಿಬ್ಬರೂ ಹಿಂದೆ ಹೋದೆವು. ಅವರು ವೈರುಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದರು. ಆಗ ಅಮ್ಮ ಬರುವುದು ಕಾಣಿಸಿತು. ಅವಳು ಹಾಗೆ ಸುಮ್ಮನೆ ಕೆಳಗೆ ಬಂದದ್ದನ್ನು ನೋಡಿ ತಿಂಗಳುಗಳೇ ಆಗಿದ್ದವು. ಬಂದವಳು ಹಿಂದಿನ ಬಾಗಿಲು ತೆಗೆದು ಕಾರಿನೊಳಗೆ ಕೂತಳು.

'ಮೇಲೆ ಯಾರಿದ್ದಾರೆ?' ಎಂದು ಅಪ್ಪ ಕೇಳಿದರು.

'ಕಾಕಿ ಕೂತಿದ್ದಾರೆ. ಅದನ್ಯಾಕೆ ಕತ್ತರಿಸ್ತಿದ್ದೀರಿ?'

'ಬೇಡ ಸರೋಜ, ಸಾಕಾಯ್ತು. ಇದರಿಂದಲೇ ಅಲ್ವಾ ಆವತ್ತು ಗಾಡಿ ಸ್ಟಾರ್ಟ್ ಆಗದೇ ಇದ್ದಿದ್ದು.'

'ಗಾಡಿ ಸ್ಟಾರ್ಟ್ ಆಗದೇ ಇದ್ದಿದ್ದಕ್ಕೆ ನನಗೆ ಬೇಜಾರಿಲ್ಲ. ರಿಕ್ಷಾ ಸಿಕ್ತು. ಇದನ್ನ ಮತ್ತೆ ಸರಿಮಾಡಿ. ಇನ್ಮೇಲೆ ಸಂಜೆ ಹೊತ್ತು ಇಲ್ಲಿ ನಾನು ಕೂತ್ಕೋತೀನಿ. ನೀವು ಮೇಲಿರಿ.'

ಅಪ್ಪನಿಗೆ ಅರ್ಥವಾಗಲಿಲ್ಲ. ಅಮ್ಮ ದನಿ ಏರಿಸಲಿಲ್ಲ.

'ಈಗ ಅವರ ಬಟ್ಟೆ ಬದಲಾಯಿಸೋ ಹೊತ್ತು. ಬಿಸಿನೀರು ಇಟ್ಟಿದ್ದೀನಿ. ಹೋಗಿ.'

'ನಾನಾ?'

'ಮತ್ಯಾರು?'

'ನನ್ನ ಕೈಲಿ ಮಾಡಿಸ್ಕೊಳ್ಳಲ್ಲ ಅವರು. ನಿನಗೆ ಗೊತ್ತಿಲ್ಲ ಸರೋಜ. ಅವರ ಮುಂದೆ ನಾನು ಯಾವತ್ತೂ... ಅವರಿಗೆ ನಾಚಿಕೆಯಾಗತ್ತೆ.'

'ನನ್ನ ಕೈಲಿ ಮಾಡಿಸ್ಕೊಳ್ಳುವಾಗ ಆಗಲ್ವಾ? ನಾನು ಸೊಸೆ. ದಿನಾ ಕಣ್ಣು ಮುಚ್ಕೋತಾರೆ. ಮುಖದ ಮೇಲೆ ಕೈ ಇಟ್ಕೋತಾರೆ. ಅವರ ಸೇವೆ ಮಾಡೋದು ನನಗೆ ಕಷ್ಟ ಅಲ್ಲ ರೀ. ಅದನ್ನ ನೋಡಕ್ಕಾಗಲ್ಲ ನನಗೆ.'

ಟ್ಯಾಂಕಿನಿಂದ ನೀರು ತುಂಬಿ ಸುರಿಯುವ ಸದ್ದು ಕೇಳಿಸುತ್ತಿತ್ತು. ಅಪ್ಪ ಇಕ್ಕಳವನ್ನು ಬಾನೆಟ್ಟಿನ ಮೇಲಿಟ್ಟು, ಅಂಗಿಯ ತೋಳು ಮಡಚುತ್ತ ಮೆಟ್ಟಿಲ ಕಡೆ ಹೋದರು. ಕಾಕಿ ಕೆಳಗಿಳಿದು ತಮ್ಮ ಮನೆಗೆ ಹೋದದ್ದನ್ನು ನೋಡಿದೆವು. ಅಮ್ಮ ನಮ್ಮಿಬ್ಬರಿಗೂ ಒಳಗೆ ಬರಲು ಹೇಳಿ ಬಾಗಿಲು ಹಾಕಿಕೊಂಡಳು.

'ಅಮ್ಮ, ಗೇಮ್?' ಎಂದ ಮಧು.

'ವೈರೆಲ್ಲ ಕತ್ತರಿಸಿದ್ದಾರಲ್ಲೋ. ಆಮೇಲೆ ಹಾಕಿಸೋಣ.'

ಅಷ್ಟು ಹೇಳಿ ಸೀಟಿಗೆ ತಲೆ ಒರಗಿಸಿದಳು. ಮುಂದೇನಾದರೂ ಹೇಳುತ್ತಾಳೆಂದು ನಾವು ಕಾದೆವು. ನೋಡಿದರೆ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಕೈಯೆರಡೂ ಅಂಗಾತ ತೊಡೆಯ ಮೇಲೆ ಬಿದ್ದಿದ್ದವು. ಅಂಗೈ ಬೆಂದ ಹಾಗೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಮಧು ಒಂದು ಸೊಳ್ಳೆಯನ್ನು ಅವಳ ಕೆನ್ನೆಯಿಂದ ಊದಿ ಓಡಿಸಿದ. ರಸ್ತೆಯ ದೀಪ ಹತ್ತುವವರೆಗೂ ನಾವು ಅಲುಗಾಡಲಿಲ್ಲ.

ಅಮ್ಮ ಎದ್ದು, ನಾವು ಮೇಲೆ ಹೋದಾಗ ಹಾಲಿನ ನೆಲವೆಲ್ಲ ನೀರಾಗಿತ್ತು. ಅಪ್ಪನ ಅಂಗಿ ತೊಯ್ದು ಮೈಗಂಟಿತ್ತು. ತಾತನಿಗೆ ಪಂಚೆಯನ್ನು ಎಲ್ಲೆಲ್ಲೋ ಸುತ್ತಿ ಗಂಟು ಹಾಕಿದ್ದರು. ಅಪ್ಪ ಮಂಚದ ಅಂಚಿನಲ್ಲಿ, ತಾತನ ಸೊಂಟದ ಪಕ್ಕದಲ್ಲಿ ಕೂತಿದ್ದರು. ತಾತ ಕಣ್ಣು ಬಿಟ್ಟುಕೊಂಡಿದ್ದರು. ಅಪ್ಪನ ಮುಖವನ್ನೇ ನೋಡುತ್ತಿದ್ದರು. ಅಮ್ಮ ಪಂಚೆಯನ್ನು ಕಂಡಳು, ಅದನ್ನು ಸರಿಮಾಡಲು ಹೋಗಲಿಲ್ಲ.

'ಎಲ್ಲರೂ ಕೈ ತೊಳ್ಕೊಳ್ಳಿ, ಬಡಿಸ್ತೀನಿ,' ಎಂದು ಒಳಗೆ ಹೋದಳು.

ಅಪ್ಪ ಫ್ಯಾಕ್ಟರಿಯಲ್ಲಿ ಮೂಲೆಗೆ ಹಾಕಿದ್ದ ಹಳೆಯ ಬ್ಯಾಟರಿಯೊಂದನ್ನು ಕೇಳಿ ತಂದರು. ಗೇಮಿಗೂ ಟೀವಿಗೂ ಅದೇ. ಕಾರಿನ ಬ್ಯಾಟರಿಯನ್ನು ಅದರ ಪಾಡಿಗೆ ಬಿಟ್ಟರು. ರಾತ್ರಿ ಆ ಹಳೆಯ ಬ್ಯಾಟರಿಯನ್ನು ಬಾಲ್ಕನಿಯಲ್ಲಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹಗ್ಗದ ಹಿಡಿಕೆ ಹಿಡಿದು ಕೆಳಗೆ ಒಯ್ದು ಕಾರಿನಲ್ಲಿಟ್ಟು ಹೋಗುತ್ತಿದ್ದರು. ಸಂಜೆ ಅವರು ಮನೆಗೆ ಬಂದು ಕೈಕಾಲು ತೊಳೆದು ಮಂಚದ ಹತ್ತಿರ ಹೋದರೆ ಅಮ್ಮ ನಮ್ಮ ಜೊತೆ ಕೆಳಗಿಳಿಯುತ್ತಿದ್ದಳು. ಮೊದಮೊದಲು ಅವಳು ನಿದ್ದೆ ಮಾಡುತ್ತಿದ್ದಳು. ನಾವು ದನಿ ಕಮ್ಮಿಮಾಡಿ ಆಡುತ್ತಿದ್ದೆವು. ಬರಬರುತ್ತ ಎಚ್ಚರವಾಗಿ ಕೂತು ನೋಡತೊಡಗಿದಳು. ಒಂದು ದಿನ, ನನಗೂ ಒಂದು ಚಾನ್ಸ್ ಕೊಡಿ ಎಂದಳು. ಅವಳಿಗೆ ಗುಂಡು ಹೊಡೆಯುವುದರಲ್ಲಿ ಆಸಕ್ತಿಯಿರಲಿಲ್ಲ. ಟ್ಯಾಂಕನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ ಮೂಲೆಯ ಒಂದು ಇಟ್ಟಿಗೆ ಗೋಡೆಯ ಹಿಂದೆ ನಿಲ್ಲಿಸಿಬಿಡುತ್ತಿದ್ದಳು.

'ಅಮ್ಮ, ಹೀಗೆ ನಿಂತ್ರೆ ಗೆಲ್ಲಕ್ಕಾಗಲ್ಲ,' ಎಂದು ಮಧು ಪರದಾಡುತ್ತಿದ್ದ.

'ಇರ್ಲಿ ಬಿಡೋ. ಇಲ್ಲಿ ಯಾರೂ ಬರಲ್ಲ ನೋಡು.'

ಅಪ್ಪನ ಬಗ್ಗೆ ಕಾರಿನಲ್ಲಿ ತಿಳಿದಂತೆ ಅಮ್ಮನ ಬಗ್ಗೆಯೂ ಅಲ್ಲೇ ತಿಳಿದೆ. ಅವಳನ್ನು ನೋಡಲು ಬಂದಿದ್ದಾಗ ತಾತ ಕೇಳಿದ್ದು ಒಂದೇ ಪ್ರಶ್ನೆಯಂತೆ, ಪೇಪರ್ ಓದುತ್ತೀಯೇನಮ್ಮ ಎಂದು. ಹಾಡು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ಅವಳು ಓದುತ್ತೇನೆ ಎಂದಳಂತೆ, ಅದು ಸುಳ್ಳಾಗಿತ್ತಂತೆ. ಅವಳ ತವರಿಗೆ ಪೇಪರೇ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಸುಳ್ಳನ್ನು ನಿಜ ಮಾಡಲು ಓದತೊಡಗಿದಳಂತೆ. ಇದನ್ನು ಹೇಳುವಾಗ ಅವಳ ಕಣ್ಣು ಪರದೆಯ ಮೇಲೇ ಇತ್ತು, ಬೆರಳು ಬಟನ್ನಿನ ಮೇಲಿತ್ತು. ಮೇಲೆ ಅಪ್ಪ ತಾತನಿಗೆ ಏನೋ ಹೇಳುತ್ತಿರುವ ದನಿ ಬಾಲ್ಕನಿಯಿಂದ ಅಸ್ಪಷ್ಟವಾಗಿ ಕೇಳುತ್ತಿತ್ತು. ಉತ್ತರ ಬಾರದ ಮನುಷ್ಯನೊಡನೆ ಅಪ್ಪ ಮಾತಾಡುವುದನ್ನು ಕಲಿತಿದ್ದರು. ಗಡ್ಡ ಹೆರೆಯುವುದನ್ನು ಕಲಿತರು, ಉಗುರು ತೆಗೆಯುವುದನ್ನು ಕಲಿತರು. ಒಂದು ಭಾನುವಾರ ನಾನು ಬಾಗಿಲು ತೆರೆದಾಗ ಅಪ್ಪ ತಾತನ ಕಿವಿಯ ಹತ್ತಿರ ಬಗ್ಗಿ, 'ಅಪ್ಪಾ, ನೋವಾಗತ್ತಾ?' ಎಂದು ಕೇಳುತ್ತಿದ್ದರು. ಅವರು ತಾತನನ್ನು ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಮ್ಮನಿಗೆ ಕಾರಿನಲ್ಲಿ ಸಿಕ್ಕ ಸಂಜೆಗಳು ಒಂದು ಮಳೆಗಾಲದಷ್ಟಿದ್ದವು. ನವರಾತ್ರಿಗೆ ಮುಂಚಿನ ಒಂದು ಸಂಜೆ, ಇನ್ನೂ ಬೆಳಕಿದ್ದಾಗ, ಮಧು ರೇಸಿನಲ್ಲಿ ಮುಳುಗಿದ್ದ. ನಾನು ಅಮ್ಮನ ಜಡೆ ಬಿಚ್ಚಿ ಹೆಣೆಯುತ್ತಿದ್ದೆ. ಅವಳ ಮೈ ತಟ್ಟನೆ ಬಿಗಿಯಾದದ್ದು ನನ್ನ ಕೈಗೆ ತಿಳಿಯಿತು. ತಲೆ ಎತ್ತಿ ನೋಡಿದೆ. ಅಪ್ಪ ಬಾಲ್ಕನಿಯ ಜಾಲರಿ ಹಿಡಿದು ನಿಂತಿದ್ದರು. ಕರೆಯಲಿಲ್ಲ, ಕೈ ಮಾಡಲಿಲ್ಲ. ನಮ್ಮ ಕಡೆ ನೋಡುತ್ತ ನಿಂತಿದ್ದರು ಅಷ್ಟೆ. ಅಮ್ಮ ಮುಂದಕ್ಕೆ ಬಗ್ಗಿ ಟೀವಿ ಆರಿಸಿದಳು. ಚಿತ್ರ ಕುಗ್ಗಿ ನಡುವಿನ ಒಂದು ಬಿಳಿ ಚುಕ್ಕೆಯಾಗಿ ಮಾಯವಾಯಿತು.

'ಯಾಕಮ್ಮ? ನಾನು ಔಟಾಗಿರಲಿಲ್ಲ,' ಎಂದ ಮಧು.

ಅಮ್ಮ ಅವನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಅಪ್ಪ ಜಾಲರಿ ಬಿಟ್ಟು ಒಳಗೆ ಹೋದರು. ನಾನು ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

'ಸ್ವಲ್ಪ ಇರು ಪುಟ್ಟಿ. ಈಗಲೇ ಬೇಡ. ಕೊನೇ ಸಲ ಅವರಿಬ್ಬರೇ ಒಂದು ಗಳಿಗೆ ಇರಲಿ.'

ಕಾರಿನ ಗಾಜಿನಾಚೆ ಜನ ಆಫೀಸಿನಿಂದ ಬರುತ್ತಿದ್ದರು. ಕದಮ್ ಕಾಕಾ ತ್ರಾಸಪಟ್ಟು ಸ್ಕೂಟರನ್ನು ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿದರು, ನಮ್ಮನ್ನು ನೋಡಿ ತಲೆಯಾಡಿಸಿ ಒಳಗೆ ಹೋದರು. ಅಮ್ಮ ಅರ್ಧಕ್ಕೆ ನಿಂತ ಜಡೆಯನ್ನು ತಾನೇ ಹೆಣೆದು ಮುಗಿಸಿದಳು, ಸೆರಗು ಹೊದ್ದುಕೊಂಡಳು. ಆಮೇಲೆ ಬಾಗಿಲು ತೆಗೆದು ನಮ್ಮಿಬ್ಬರನ್ನೂ ಮುಂದೆ ಬಿಟ್ಟು, ಹಿಂದಿನಿಂದ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು.